ಕುರ್ಚಿಯ ಮೇಲಿನ ಒದ್ದೆ ಟವೆಲು

‘ಹೇಗಿದೆ, ನಿಮ್ಮ ಅಭಿಪ್ರಾಯ ಹೇಳಿ’ ಎನ್ನುವವರನ್ನು ನಾನು ಬಹುಕಾಲ ಅನುಮಾನದಿಂದಲೇ ನೋಡಿಕೊಂಡು ಬಂದವನು. ಹೊಸ ಸೀರೆ ಉಟ್ಟು ಎದುರಿಗೆ ನಿಂತವರಿಗಾಗಲಿ, ಸಾರು ಬಡಿಸಿ ಮುಖ ನೋಡುವವರಿಗಾಗಲಿ ಬೇಕಾಗಿರುವುದು ಅಭಿಪ್ರಾಯವಲ್ಲ, ಹೊಗಳಿಕೆ. ಅದನ್ನು ತಿಳಿಯದೆ ನಿಜ ಹೇಳಿದವರು ಆಮೇಲೆ ಉಪ್ಪಿನಕಾಯಿಯಲ್ಲೇ ಊಟ ಮುಗಿಸಬೇಕಾಗುತ್ತದೆ. ನಾನು ಬಸ್ ಕಂಟ್ರೋಲರ್ ಆಗಿದ್ದೆ. ಯಾವ ಊರಿನದು ಎಂದು ಹೇಳುವುದಿಲ್ಲ, ಒಂದು ನಿಲ್ದಾಣದಲ್ಲಿ ನನ್ನ ಮೇಜಿನ ಪಕ್ಕದ ಕಂಬಕ್ಕೆ ‘ಸಲಹೆ ಮತ್ತು ದೂರು’ ಎಂದು ಬರೆದ ತಗಡಿನ ಪೆಟ್ಟಿಗೆ ಇತ್ತು. ಅದರ ಬೀಗದ ಕೈ ನಾನು ಬರುವ ಮೊದಲೇ ಕಳೆದುಹೋಗಿತ್ತು. ಜನ ಅದರೊಳಗೆ ಕಡಲೆಕಾಯಿ ಸಿಪ್ಪೆ ಹಾಕುತ್ತಿದ್ದರು. ಸಲಹೆಗಳ ಬಗ್ಗೆ ನನಗಿದ್ದ ಗೌರವ ಸುಮಾರು ಅಷ್ಟೇ. ಹೀಗಿದ್ದ ನಾನು ನಿವೃತ್ತನಾದ ಮೇಲೆ ಮೊಬೈಲಿನಲ್ಲಿ ಮನೆಯೊಳಗಿನ ಫೋಟೋ ತೆಗೆದು, ‘ಹೆಂಗೈತೆ’ ಎಂದು ಕೇಳಿಕೊಂಡು ತಿರುಗುವವನಾದೆ. ಅದು ಹೇಗಾಯಿತು ಎಂಬುದನ್ನು ಹೇಳುತ್ತೇನೆ.

ಮೂವತ್ತು ಚಿಲ್ಲರೆ ವರ್ಷ ನಾನು ಹೊರಗೇ ಬದುಕಿದವನು. ಬಿಸಿಲು, ಧೂಳು, ಡೀಸೆಲ್ ಹೊಗೆ, ‘ಚಿತ್ರದುರ್ಗದ ಗಾಡಿ ಬಂತಾ ಸಾರ್’ ಎಂಬ ಪ್ರಶ್ನೆ, ಇಷ್ಟರಲ್ಲೇ ಆಯುಷ್ಯ ಕಳೆಯಿತು. ಮನೆಯೆಂದರೆ ಉಂಡು ಮಲಗುವ ಜಾಗ. ಹೊಳಲ್ಕೆರೆಯ ನಮ್ಮ ಮನೆಗೆ ಕಿಟಕಿಗಳು ಎಷ್ಟು ಎಂದು ಕೇಳಿದ್ದರೆ ನಾನು ಎದ್ದು ಹೋಗಿ ನೋಡಿ ಬರಬೇಕಿತ್ತು. ನಿವೃತ್ತಿಯಾದ ಮೇಲೆ ಹೆಂಡತಿಯ ಜೊತೆ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತ ಕಾಲ ಹಾಕೋಣ ಎಂದುಕೊಂಡಿದ್ದೆ. ನಾನು ಮನೆಗೆ ಬಂದು ಸರಿಯಾಗಿ ಕಾಲು ಚಾಚುವಷ್ಟರಲ್ಲಿ, ಹೊಸದುರ್ಗದಲ್ಲಿ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನನ್ನ ಹೆಂಡತಿ ಲೋಕಮ್ಮ, ‘ಹದಿನೈದು ದಿನ ಇದ್ದು ಬರ್ತೀನಿ’ ಎಂದು ಎರಡು ಸೀರೆ ಹಿಡಿದುಕೊಂಡು ಹೋದಳು. ಆಮೇಲೆ ಇನ್ನೆರಡು ಸೀರೆ ತರಿಸಿಕೊಂಡಳು. ಆಮೇಲೆ ಸ್ವೆಟರ್ ತರಿಸಿಕೊಂಡಳು. ಸ್ವೆಟರ್ ಒಯ್ದು ಕೊಟ್ಟ ದಿನ ನನಗೆ ವಿಷಯ ಅರ್ಥವಾಯಿತು. ಅತ್ತೆಯನ್ನೇ ನಮ್ಮ ಮನೆಗೆ ಕರೆತರೋಣವೆಂದರೆ, ಮಗ ಇರುವಾಗ ಅಳಿಯನ ಮನೆಯಲ್ಲಿ ಹಾಸಿಗೆ ಹಿಡಿದು ಮಲಗುವುದಿಲ್ಲ ಎಂದು ಅವರ ಹಟ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ನೋಡಿಕೊಳ್ಳಲು ಮಗಳೇ ಆಗಬೇಕು.

ಹೊಸದುರ್ಗ ಎಷ್ಟು ದೂರ, ಹೋಗಿ ನೋಡಿ ಬರಬಹುದಲ್ಲ ಎಂದು ನೀವು ಕೇಳಬಹುದು. ಹೋಗುತ್ತಿದ್ದೆ. ಆದರೆ ಅಳಿಯನೆಂಬುವನು ಅತ್ತೆಯ ಮನೆಯಲ್ಲಿ ಹಾಲ್‌ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಬೇಕಾದ ಪ್ರಾಣಿ. ಮೊದಲು ನೀರು, ಆಮೇಲೆ ಕಾಫಿ, ಆಮೇಲೆ ಪಕ್ಕದ ಮನೆಯವರು ಬಂದು ‘ಚೆನ್ನಾಗಿದೀರಾ’ ಎನ್ನುವುದು, ಆಮೇಲೆ ಊಟ. ಲೋಕಮ್ಮ ಒಳಗಿನಿಂದ ಬಂದು ಮುದ್ದೆ ಬಡಿಸಿ, ‘ಇನ್ನೊಂದು ಹಾಕ್ಲಾ’ ಎಂದು ಕೇಳಿ ಒಳಗೆ ಹೋಗುವಳು. ‘ಸಾಕು’ ಎನ್ನುವುದೇ ನಮ್ಮ ದಾಂಪತ್ಯದ ಸಂಭಾಷಣೆ. ಫೋನಿನಲ್ಲಾದರೂ ಮಾತಾಡೋಣವೆಂದರೆ ಅವಳ ಕೈ ಸದಾ ಕೆಲಸದಲ್ಲಿ, ಹಾಗಾಗಿ ಫೋನು ಸದಾ ಸ್ಪೀಕರಿನಲ್ಲಿ. ನಾನು ‘ಏನ್ ಮಾಡ್ತಾ ಇದೀಯ’ ಎಂದರೆ ಮಂಚದ ಮೇಲಿಂದ ಅತ್ತೆ, ‘ಅಳಿಯಂದ್ರು ಉಂಡ್ರಂತಾ ಕೇಳೇ’ ಎನ್ನುವರು. ‘ಉಂಡೆ’ ಎಂದು ಅತ್ತೆಗೆ ವರದಿ ಒಪ್ಪಿಸಿ ಫೋನಿಡುತ್ತಿದ್ದೆ.

ಫೋಟೋಗ್ರಫಿ ಶುರುವಾಗಿದ್ದು ಸಾಸಿವೆಯಿಂದ. ಒಂದು ಬೆಳಿಗ್ಗೆ ಉಪ್ಪಿಟ್ಟು ಮಾಡಲು ಹೋದೆ. ಅಡುಗೆಮನೆಯ ಗೂಡಿನಲ್ಲಿ ಒಂದೇ ತರದ ಸ್ಟೀಲ್ ಡಬ್ಬಿಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಒಂದೊಂದೇ ಮುಚ್ಚಳ ತೆಗೆಯುತ್ತ ಹೋದರೆ ರಾಗಿ ಸಿಕ್ಕಿತು, ಕಡಲೆಬೇಳೆ ಸಿಕ್ಕಿತು, ನಾನು ಕಳೆದುಹೋಯಿತೆಂದು ಹುಡುಕಿಸಿದ್ದ ವಾಚಿನ ಬೆಲ್ಟೂ ಸಿಕ್ಕಿತು, ಸಾಸಿವೆ ಮಾತ್ರ ಇಲ್ಲ. ಗೂಡಿನ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳ ದನಿಯೇ ಬಂತು. ಟೈಪು ಮಾಡುವುದು ಅವಳಿಗೆ ಆಗದು, ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ‘ಮೇಲಿನ ಸಾಲಿನಾಗೆ ಕೊನೇದು ನೋಡ್ರಿ, ಸಣ್ಣದು. ಆಮೇಲೆ ಆ ಗೂಡಿಗೆ ಹಾಸಿದ್ದ ಪೇಪರು ಯಾಕೆ ಹಂಗೆ ಹರಿದೈತೆ? ಇಲಿ ಬಂದೈತೇನ್ರೀ? ಎಣ್ಣೆ ಕೈಯಾಗೇ ಎಲ್ಲಾ ಡಬ್ಬಿ ಮುಟ್ಟಿದೀರಲ್ಲ, ಬೆರಳಚ್ಚು ಕಾಣ್ತಾವೆ.’ ಹಿಂದೆ ನೀರು ಬೀಳುವ ಸದ್ದು, ಒಂದು ಕಾಗೆಯ ಕೂಗು. ಅವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ಯಾರೂ ಇಲ್ಲದ ಕಡೆ ನಿಂತು ಇದನ್ನು ಹೇಳಿದ್ದಾಳೆ ಎಂದು ಗೊತ್ತಾಯಿತು. ಅವಳು ಊರಿಗೆ ಹೋದ ಮೇಲೆ ನನ್ನ ಜೊತೆ ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು, ನಾನು ಅದನ್ನು ಇನ್ನೊಂದು ಸಲ ಕೇಳುತ್ತಿದ್ದೆ.

ಆ ಫೋಟೋವನ್ನು ತಿಪ್ಪೇಸ್ವಾಮಿಗೂ ತೋರಿಸಿದೆ. ತಿಪ್ಪೇಸ್ವಾಮಿ ನನ್ನ ಹಳೆಯ ಸ್ನೇಹಿತ, ಹೊಳಲ್ಕೆರೆಯ ಬಸ್ ನಿಲ್ದಾಣದ ಎದುರಿಗೆ ಅವನ ಫೋಟೋ ಸ್ಟುಡಿಯೋ ಇದೆ. ಈಗ ಅಲ್ಲಿ ನಡೆಯುವುದು ಪಾಸ್‌ಪೋರ್ಟ್ ಸೈಜು ಮತ್ತು ಜೆರಾಕ್ಸು ಮಾತ್ರವಾದರೂ, ಕಲೆಯ ವಿಷಯ ಬಂದರೆ ಅವನು ಕನ್ನಡಕವನ್ನು ಹಣೆಗೇರಿಸಿ ಮಾತಾಡುತ್ತಾನೆ. ‘ಕಂಟ್ರೋಲ್ರೇ, ಬೆಳಕು ಚೆನ್ನಾಗಿ ಬಿದ್ದೈತೆ ಕಣ್ರೀ. ಡಬ್ಬಿ ಮೇಲೆ ಮಿಂಚು ನೋಡ್ರಿ. ನಿಮ್ಮ ಕೈಯಾಗೆ ಏನೋ ಐತೆ’ ಎಂದ. ಅರವತ್ತು ದಾಟಿದವನಿಗೆ ಯಾರಾದರೂ ‘ನಿಮ್ಮ ಕೈಯಲ್ಲಿ ಏನೋ ಇದೆ’ ಎಂದರೆ ಅವನು ಮೊದಲು ಕೈ ತೊಳೆಯಬೇಕು. ನಾನು ನಂಬಿಬಿಟ್ಟೆ.

ಅಂದಿನಿಂದ ದಿನಕ್ಕೊಂದು ಫೋಟೋ. ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದ ಬಿಸಿಲು, ಗೋಡೆಯ ಮೊಳೆಗೆ ನೇತುಹಾಕಿದ ಜರಡಿ, ದೇವರ ಗೂಡಿನ ದೀಪ. ಮೊದಲ ವಿಮರ್ಶೆ ತಿಪ್ಪೇಸ್ವಾಮಿಯದು. ಹೊಸಬರಿಗೆ ಹೇಗೆ ಹೇಳಬೇಕು ಎಂಬುದರ ಬಗ್ಗೆ ಅವನದೇ ಒಂದು ಸಿದ್ಧಾಂತವಿತ್ತು. ‘ಮೆಣಸಿನಕಾಯಿ ಬಜ್ಜಿ ಇದ್ದಂಗೆ ಕಂಟ್ರೋಲ್ರೇ. ಒಳಗೆ ಖಾರ ಇರ್ಲೇಬೇಕು, ಸುತ್ತ ಹಿಟ್ಟೂ ಮೆತ್ತಿರ್ಬೇಕು. ಬರೇ ಮೆಣಸಿನಕಾಯಿ ಕೊಟ್ರೆ ಯಾವನು ತಿಂತಾನೆ? ಬರೇ ಹಿಟ್ಟು ಕೊಟ್ರೆ ಏನು ಕಲೀತಾನೆ?’ ಅದರಂತೆ ಅವನು, ‘ಜರಡಿ ನೆರಳು ಬಾಳ ಚೆನ್ನಾಗೈತೆ’ ಎಂದು ಹಿಟ್ಟು ಮೆತ್ತಿ, ‘ಆದ್ರೆ ಫೋನು ವಾಲಿಸಿದೀರಿ, ಮನೆ ಬಿದ್ದು ಹೋಗೋ ಹಂಗೆ ಕಾಣ್ತೈತೆ’ ಎಂದು ಖಾರ ಇಟ್ಟು, ‘ಗೋಡೆ ಬಣ್ಣ ಮಾತ್ರ ಸೂಪರ್’ ಎಂದು ಮತ್ತೆ ಹಿಟ್ಟು ಮುಚ್ಚುತ್ತಿದ್ದ. ಕಿಟಕಿಗೆ ಎದುರಾಗಿ ನಿಂತು ತೆಗೆಯಬೇಡಿ, ಬೆಳಕು ನಿಮ್ಮ ಬೆನ್ನ ಕಡೆ ಇರಲಿ. ಟ್ಯೂಬ್‌ಲೈಟು ಆರಿಸಿ, ಬಾಗಿಲು ತೆಗೆಯಿರಿ. ತೆಗೆಯುವ ಮುಂಚೆ ಫೋನಿನ ಕಣ್ಣನ್ನು ಪಂಚೆಯಲ್ಲಿ ಒರೆಸಿ, ಹೀಗೆ ಅವನಿಂದ ಕಲಿತದ್ದು ಬಹಳ. ‘ಸುಮ್ನೆ ಮನೆಯಾಗೇ ಯಾಕೆ ಒದ್ದಾಡ್ತೀರಿ? ಜೋಗಿಮಟ್ಟಿಗೆ ಹೋಗಾಣ ಬರ್ರಿ, ಮೋಡ ಐತೆ, ಬೆಟ್ಟ ಐತೆ’ ಎಂದು ಕರೆದ. ಹೋಗಲಿಲ್ಲ. ಬೆಟ್ಟದ ಫೋಟೋ ಕಳಿಸಿದರೆ ಲೋಕಮ್ಮ ಏನು ಹೇಳಿಯಾಳು?

ಲೋಕಮ್ಮನ ವಿಮರ್ಶೆಯಲ್ಲಿ ಹಿಟ್ಟು ಎಂಬುದೇ ಇರಲಿಲ್ಲ. ಹಾಸಿಗೆಯ ಮೇಲಿನ ಬಿಸಿಲಿಗೆ, ‘ಆ ಹೊದಿಕೆ ಒಗೆದು ಎಷ್ಟು ದಿನ ಆತ್ರಿ?’ ದೇವರ ದೀಪಕ್ಕೆ, ‘ಹೂವು ಬಾಡೈತೆ, ತೆಗೀರಿ.’ ಮೂಲೆಯ ನೆರಳನ್ನು ತಿಪ್ಪೇಸ್ವಾಮಿ ‘ಆಳ ಐತೆ’ ಎಂದು ಕೊಂಡಾಡಿದ್ದ. ಲೋಕಮ್ಮ, ‘ಅದು ನೆರಳಲ್ಲ, ಜೇಡರ ಬಲೆ’ ಎಂದಳು. ಹೋಗಿ ನೋಡಿದೆ, ಜೇಡರ ಬಲೆಯೇ. ಆದರೆ ಪ್ರತಿ ಸಲವೂ ಆ ಒಗೆಯುವ ಕಲ್ಲಿನ ಹತ್ತಿರದ ನೀರಿನ ಸದ್ದು, ಆ ಕಾಗೆ, ಮಾತಿನ ಕೊನೆಗೆ ಒಂದು ಕ್ಷಣ ಸುಮ್ಮನಿದ್ದು ಅವಳು ಬಿಡುವ ಉಸಿರು. ಬೈಗುಳ ಮುಗಿದರೂ ಅವಳು ತಕ್ಷಣ ರೆಕಾರ್ಡ್ ನಿಲ್ಲಿಸುತ್ತಿರಲಿಲ್ಲ. ಆ ಖಾಲಿ ಗಳಿಗೆಗಾಗಿ ನಾನು ಕೊನೆಯವರೆಗೂ ಕೇಳುತ್ತಿದ್ದೆ.

ನನ್ನ ತಪ್ಪೆಂದರೆ ನಾನು ಒಳ್ಳೆಯ ವಿದ್ಯಾರ್ಥಿಯಾದದ್ದು. ಅವಳು ಹೇಳಿದ್ದನ್ನೆಲ್ಲ ತಿದ್ದುತ್ತ ಬಂದೆ. ಹೊದಿಕೆ ಒಗೆದೆ, ಬಲೆ ತೆಗೆದೆ, ಗೂಡಿಗೆ ಹೊಸ ಪೇಪರು ಹಾಸಿದೆ, ಡಬ್ಬಿಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದೆ. ತಿಪ್ಪೇಸ್ವಾಮಿ ಹೇಳಿದಂತೆ ಬೆಳಕನ್ನು ಬೆನ್ನಿಗೆ ಹಾಕಿಕೊಂಡು, ಉಸಿರು ಹಿಡಿದು, ಅಡುಗೆಮನೆಯದು ಒಂದು ಫೋಟೋ ತೆಗೆದೆ. ನನಗೇ ಅದು ಬೇರೆ ಯಾರದೋ ಮನೆ ಅನ್ನಿಸಿತು. ತಿಪ್ಪೇಸ್ವಾಮಿ ಕನ್ನಡಕ ಹಣೆಗೇರಿಸಿ, ಮೆಣಸಿನಕಾಯಿಗಾಗಿ ಬಹಳ ಹುಡುಕಿ, ಸಿಕ್ಕದೆ, ‘ಫಸ್ಟ್ ಕ್ಲಾಸ್’ ಎಂದ. ಲೋಕಮ್ಮನಿಗೆ ಕಳಿಸಿದೆ. ಅವಳ ಉತ್ತರ ಬಂತು: ‘ಚೆನ್ನಾಗೈತೆ.’

ಅಷ್ಟೇ. ನೀರಿನ ಸದ್ದಿಲ್ಲ, ಕಾಗೆಯಿಲ್ಲ. ಒಂದು ಮಾತಿಗಾಗಿ ಹಿತ್ತಲಿಗೆ ಯಾರು ಹೋಗುತ್ತಾರೆ? ಸಂಜೆ ಫೋನು ಮಾಡಿದರೆ ನನ್ನ ಬಾಮೈದ ಮಂಜಣ್ಣ ಸ್ಪೀಕರಿನಲ್ಲಿ ಉತ್ಸಾಹದಿಂದ ಕೂಗಿದ: ‘ಭಾವಾ, ಮನೆ ಫಳಫಳ ಅನ್ನೋ ಹಂಗೆ ಇಟ್ಕಂಡಿದೀರಿ! ಅಕ್ಕ ತೋರಿಸಿದ್ಲು. ನೀವು ಹೆಂಗೋ ಏನೋ ಅಂದ್ಕಂಡಿದ್ವಿ. ಇನ್ನು ಅಕ್ಕ ಆರಾಮಾಗಿ ಬೇಸಿಗೆ ಕಳ್ಕಂಡೇ ಬರ್ಲಿ ಬಿಡ್ರಿ.’ ‘ಇರ್ಲಿ, ಇರ್ಲಿ, ಅದಕ್ಕೇನಂತೆ’ ಎಂದೆ. ನನ್ನ ಬಾಯಿ ನನಗೆ ಎಂದೂ ಸಹಾಯ ಮಾಡಿದ್ದಿಲ್ಲ. ಲೋಕಮ್ಮ ಪಕ್ಕದಲ್ಲೇ ಇದ್ದಿರಬೇಕು.

ಮರುದಿನ ಸ್ನಾನ ಮಾಡಿ ಬಂದವನು ಒದ್ದೆ ಟವೆಲನ್ನು ಹಾಲ್‌ನ ಮರದ ಕುರ್ಚಿಯ ಬೆನ್ನಿಗೆ ಹಾಕಿದೆ. ನಮ್ಮ ಮನೆಯಲ್ಲಿ ಇದು ಮಹಾಪರಾಧ. ಫೋಟೋ ತೆಗೆದು ಕಳಿಸಿ ಕಾದೆ. ‘ಏನ್ರೀ ಅದು! ಪಾಲಿಶ್ ಹೋಗ್ತೈತೆ ಅಂತ ಎಷ್ಟು ಸಲ ಬಡ್ಕಂಡಿದೀನಿ! ನಮ್ಮಪ್ಪ ಕೊಟ್ಟ ಕುರ್ಚಿ ಅದು. ಹಗ್ಗ ಕಟ್ಟಿಲ್ವಾ ಹಿತ್ತಲಾಗೆ? ಅಷ್ಟು ದೂರ ಹೋಗಾಕೆ ಕಾಲು ನೋಯ್ತಾವಾ?’ ಹಿನ್ನೆಲೆಯಲ್ಲಿ ನೀರು ಧೋ ಎಂದು ಸುರಿಯುತ್ತಿತ್ತು. ಕಾಗೆಯೂ ಬಂದಿತ್ತು. ಆ ದಿನ ಮಧ್ಯಾಹ್ನ ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ತುಂಬ ಉಂಡೆ.

ಮುಂದಿನ ದಿನಗಳಲ್ಲಿ ನನ್ನ ಕಲೆ ಹೊಸ ದಾರಿ ಹಿಡಿಯಿತು. ಒಲೆಯ ಮೇಲೆ ಉಕ್ಕಿದ ಹಾಲು, ಅರ್ಧ ಮುಚ್ಚಿದ ಹಿಟ್ಟಿನ ಡಬ್ಬಿ, ಮಂಚದ ಮೇಲೆ ಊಟದ ತಟ್ಟೆ. ಹಾಲು ಉಕ್ಕಿಸಲು ನಾನು ಒಲೆಯ ಮುಂದೆ ಕಾದು ನಿಂತೆ. ಹಾಲು, ಕಾದು ನಿಂತರೆ ಬೇಗ ಉಕ್ಕುವುದಿಲ್ಲ. ತಿಪ್ಪೇಸ್ವಾಮಿ ಈ ಫೋಟೋಗಳನ್ನು ನೋಡಿ ಮುಖ ಸಪ್ಪಗೆ ಮಾಡಿದ. ‘ಮೊದ್ಲು ಸಹಜ ಇತ್ತು. ಈಗ ಇಟ್ಟು ತೆಗೆದಂಗೆ ಐತೆ’ ಎಂದ. ಹಿಟ್ಟು ಮೆತ್ತುವುದನ್ನೂ ಮರೆತಿದ್ದ. ಲೋಕಮ್ಮನೂ ಅದನ್ನೇ ಹೇಳಿದಳು, ಅವಳದೇ ದಾರಿಯಲ್ಲಿ. ಮತ್ತೊಮ್ಮೆ ಟವೆಲಿನ ಫೋಟೋ ಕಳಿಸಿದ ದಿನ ಬಂದ ಮಾತು ಇದು: ‘ಮೈ ಒರೆಸಿಕಂಡ ಟವೆಲು ಹಂಗೆ ನೆನೆಯಲ್ಲ. ಒಣಗಿದ್ದಕ್ಕೆ ಚೊಂಬಿನಾಗೆ ನೀರು ಹಾಕಿದೀರಿ. ನನ್ನ ಏನು ಅಂತ ತಿಳ್ಕಂಡಿದೀರಿ?’ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಆಮೇಲೆ ನಾನು ಏನು ಕಳಿಸಿದರೂ ಉತ್ತರವಿಲ್ಲ.

ಭಾನುವಾರ ಹೊಸದುರ್ಗದ ಬಸ್ ಹತ್ತಿದೆ. ಅದೇ ಪ್ಲಾಸ್ಟಿಕ್ ಕುರ್ಚಿ, ನೀರು, ಕಾಫಿ, ಪಕ್ಕದ ಮನೆಯವರು, ಮುದ್ದೆ. ‘ಇನ್ನೊಂದು ಹಾಕ್ಲಾ’ ಎಂದು ಕೂಡ ಅವಳು ಕೇಳಲಿಲ್ಲ, ಹಾಕಿಯೇಬಿಟ್ಟಳು. ಹೊರಡುವಾಗ ಅಗಸೆ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಗೇಟಿನವರೆಗೆ ಬಂದಳು. ಒಳಗೆ ಅತ್ತೆ ಏನೋ ಕೇಳಿದರು, ‘ಬಂದೆ ಇರವ್ವಾ’ ಎಂದು ಕೂಗಿ ಅಲ್ಲೇ ನಿಂತಳು. ಅವಳ ಕೈ ಸೋಪಿನಿಂದ ಬಿರಿದಿತ್ತು. ತಲೆಯಲ್ಲಿ ಬಿಳಿ ಕೂದಲು ನಾನು ಹಿಂದೆ ಕಂಡದ್ದಕ್ಕಿಂತ ಹೆಚ್ಚಾಗಿತ್ತು.

‘ಫೋಟೋ ನೋಡಿದ್ಯಾ?’ ಎಂದೆ. ಬೇರೆ ಏನಾದರೂ ಕೇಳಬಹುದಿತ್ತು.

‘ನೋಡಿದೆ. ಎಲ್ಲಾ ಫೋಟೋದಾಗೂ ಮನೆ ಐತೆ. ಆ ಮನೆ ನಾನೇ ಇಟ್ಟಿದ್ದು, ಕಣ್ಣು ಮುಚ್ಚಿದ್ರೂ ಕಾಣ್ತೈತೆ. ಅದನ್ನ ಫೋನಿನಾಗೆ ನೋಡ್ಬೇಕಾ ನಾನು? ಅದ್ರಾಗೆ ನೀವೆಲ್ಲಿದೀರಿ? ಒಂದ್ರಾಗಾದ್ರೂ ಇದೀರಾ?’

ನಾನು ತೆಗೆಯುವವನು, ಅದರಲ್ಲಿ ಹೇಗೆ ಬರಲಿ ಎಂದು ತಾಂತ್ರಿಕ ಕಾರಣ ಕೊಡಲು ಹೊರಟೆ. ಅವಳು ಬಿಡಲಿಲ್ಲ.

‘ಟವೆಲು ಒದ್ದೆ ಮಾಡಾಕೆ ಬರ್ತೈತೆ. ಬಾ ಅನ್ನಾಕೆ ಬರಲ್ಲ ಅಲ್ವಾ? ಮಂಜಣ್ಣ ಬೇಸಿಗೆಗಂಟ ಇರ್ಲಿ ಅಂದ್ರೆ ಅದಕ್ಕೇನಂತೆ ಅಂದ್ರಿ. ನಾನು ಪಕ್ಕದಾಗೇ ಇದ್ದೆ.’

‘ಬಾ ಅಂದಿದ್ರೆ ಅತ್ತೇನ ಬಿಟ್ಟು ಬರಾಕೆ ಆಗ್ತಿತ್ತಾ ನಿನಗೆ?’

‘ಆಗ್ತಿರ್ಲಿಲ್ಲ. ಆದ್ರೂ ಕರೀಬೇಕಿತ್ತು’ ಎಂದಳು. ಡಬ್ಬಿಯನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಕೊಯ್ಲು ಮುಗಿದ ಹೊಲಗಳು, ದಾರಿಯಲ್ಲಿ ಕುರಿಗಳಿಗಾಗಿ ಬಸ್ಸು ನಿಂತದ್ದು, ಡ್ರೈವರು ಹಾರ್ನ್ ಬಾರಿಸಿದ್ದು, ಇದೆಲ್ಲ ನನಗೆ ತಿಳಿದದ್ದೇ. ನನಗೆ ಹೊಸದಾಗಿದ್ದುದು ಅವಳು ಹೇಳಿದ ಒಂದು ಅಕ್ಷರದ ಆ ಮಾತು. ಮನೆಗೆ ಬಂದವನೇ, ಬಟ್ಟೆಯನ್ನೂ ಬದಲಿಸದೆ, ಫೋನನ್ನು ಕಿಟಕಿಯ ಸರಳಿಗೆ ಆನಿಸಿ ನಿಲ್ಲಿಸಿ, ಟೈಮರ್ ಒತ್ತಿ, ಅಡುಗೆಮನೆಯ ಹೊಸಿಲ ಮೇಲೆ ಕೂತು ನನ್ನದೇ ಒಂದು ಫೋಟೋ ತೆಗೆದೆ. ನಗಬೇಕೋ ಬೇಡವೋ ಎಂದು ತೀರ್ಮಾನಿಸುವಷ್ಟರಲ್ಲಿ ಫೋನು ತೆಗೆದುಬಿಟ್ಟಿತ್ತು. ಅದನ್ನು ಕಳಿಸಿದೆ. ಕೆಳಗೆ ‘ಬಾ’ ಎಂದು ಟೈಪು ಮಾಡಿದೆ. ಮದುವೆಯಾದಾಗಿನಿಂದ ನಾನು ಬರೆದ ಒಂದೇ ಪ್ರೇಮಪತ್ರ ಅದು.

ತಿಪ್ಪೇಸ್ವಾಮಿಗೆ ತೋರಿಸಿದಾಗ ಅವನು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. ‘ಮೊದ್ಲು ಒಳ್ಳೇದು ಹೇಳ್ಬೇಕಲ್ಲ, ಹುಡುಕ್ತಾ ಇದೀನಿ’ ಎಂದ. ಕೊನೆಗೆ, ‘ಹೊಸಿಲು ಚೆನ್ನಾಗಿ ಬಂದೈತೆ. ಮುಖ ಪೂರ್ತಿ ಮಬ್ಬು. ತಲೆ ಅರ್ಧ ಕಟ್ ಆಗೈತೆ. ಇದನ್ನ ಯಾರಿಗೂ ಕಳಿಸ್ಬೇಡ್ರಿ’ ಎಂದ. ಆಗಲೇ ಹೋಗಿದೆ ಎಂದು ಹೇಳುವ ಧೈರ್ಯವಾಗಲಿಲ್ಲ.

ಮರುದಿನ ಲೋಕಮ್ಮನ ಫೋನಿನಿಂದ ಮಾತು ಬಂತು, ದನಿ ಮಾತ್ರ ಅತ್ತೆಯದು. ಫೋನು ಬಾಯಿಗೆ ತೀರ ಹತ್ತಿರ ಹಿಡಿದಿದ್ದರಿಂದ ಅವರ ಉಸಿರೆಲ್ಲ ನನ್ನ ಕಿವಿಯೊಳಗೇ ಬಂತು. ‘ಅಳಿಯಂದ್ರೇ, ಬಾಳ ಇಳಿದು ಹೋಗಿದೀರಿ. ಲೋಕಿ ಆ ಫೋಟೋ ಹಿಡ್ಕಂಡು ಒಗೆಯೋ ಕಲ್ಲಿನ ತಾವ ಕುಂತವಳು ಏಳ್ಲಿಲ್ಲ. ಸೊಸೆ ರಜ ಹಾಕಿದಾಳೆ. ಎರಡು ದಿನ ಕರ್ಕಂಡು ಹೋಗ್ರಿ. ಆಮೇಲೆ ಮರೀದೆ ಕಳಿಸ್ರಿ ಮತ್ತೆ.’

ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ಸುತ್ತ ನೋಡಿದಳು. ನಾನು ಪರೀಕ್ಷೆ ಬರೆದ ಹುಡುಗನಂತೆ ಹಿಂದೆ ನಿಂತಿದ್ದೆ. ಅವಳು ಒಂದೂ ತಪ್ಪು ಹೇಳಲಿಲ್ಲ. ನೇರ ಹೋಗಿ ಮಂಚದ ಮೇಲೆ ಕೂತಳು, ಕೂತಲ್ಲೇ ಒರಗಿದಳು, ಒರಗಿದಲ್ಲೇ ನಿದ್ದೆ ಹೋದಳು. ಎಷ್ಟು ತಿಂಗಳ ನಿದ್ದೆಯೋ. ನಾನು ಕಾಗೆ ಓಡಿಸುತ್ತ ಬಾಗಿಲಲ್ಲಿ ಕೂತೆ. ಎದ್ದ ಮೇಲೆ ಉಪ್ಪಿಟ್ಟು ಮಾಡಿಕೊಟ್ಟೆ. ಉಪ್ಪು ಮುಂದಾಗಿತ್ತು, ಸುಮ್ಮನೆ ತಿಂದಳು. ಮರುದಿನ ಮಾತ್ರ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಬೇರೆ ತರ ಜೋಡಿಸಿದಳು. ಈಗ ಸಾಸಿವೆ ಎಲ್ಲಿದೆ ಎಂದು ನನಗೆ ಮತ್ತೆ ಗೊತ್ತಿಲ್ಲ. ಹಿತ್ತಲಲ್ಲಿ ಕೂತು ಕಾಫಿ ಕುಡಿದೆವು. ಒಂದು ಸಲ ಅವಳು, ‘ಮನೆ ಫೋಟೋದಾಗೆ ಇದಕ್ಕಿಂತ ದೊಡ್ಡದಾಗಿ ಕಾಣ್ತಿತ್ತು’ ಎಂದಳು. ನನಗೂ ಹಾಗೇ ಅನ್ನಿಸಿತು. ಇಬ್ಬರಿದ್ದಾಗ ಮನೆ ಸರಿಯಾದ ಅಳತೆಗೆ ಬಂದಿತ್ತು.

ಮೂರನೆಯ ದಿನ ಬೆಳಿಗ್ಗೆ ಬಸ್ ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ‘ಬಾ’ ಎನ್ನುವುದನ್ನು ಕಲಿತವನಿಗೆ ‘ಹೋಗಿ ಬಾ’ ಎನ್ನುವುದು ಇನ್ನೂ ಕಷ್ಟವೆಂದು ಆಗ ತಿಳಿಯಿತು. ಕೈಯೆತ್ತಿದೆ, ಬಸ್ ಹೊರಟಿತು.

ಎದುರಿನ ಸ್ಟುಡಿಯೋದಿಂದ ತಿಪ್ಪೇಸ್ವಾಮಿ ಕೂಗಿದ. ‘ಅಕ್ಕಾರು ಬಂದಿದ್ರಂತಲ್ಲ ಕಂಟ್ರೋಲ್ರೇ! ಬರ್ರಿ, ಕುಂತ್ಕಳ್ರಿ. ಎಲ್ಲಿ, ಎರಡು ದಿನದ ಫೋಟೋ ತೋರಿಸ್ರಿ. ಈ ಸಲ ಮನೆಯಾಗೆ ಮನುಷ್ಯರು ಇರ್ತಾರೆ.’ ಕನ್ನಡಕ ಆಗಲೇ ಹಣೆಗೇರಿತ್ತು.

ಫೋನು ತೆಗೆದು ನೋಡಿದೆ. ಕೊನೆಯ ಫೋಟೋ ಹೊಸಿಲ ಮೇಲೆ ಕೂತ ನನ್ನದೇ ಮಬ್ಬು ಮುಖ. ಆಮೇಲೆ ಏನೂ ಇಲ್ಲ. ಅವಳು ಮಂಚದ ಮೇಲೆ ಮಲಗಿದ್ದು, ಕಿಟಕಿಯ ಬೆಳಕು ಅವಳ ಕೈಬಳೆಯ ಮೇಲೆ ಬಿದ್ದಿದ್ದು, ಕಾಫಿ ಲೋಟ ಹಿಡಿದು ಹಿತ್ತಲಲ್ಲಿ ಕೂತದ್ದು, ಯಾವುದೂ ಇಲ್ಲ. ಎರಡು ದಿನ ಫೋನು ಯಾವ ಮೂಲೆಯಲ್ಲಿತ್ತು ಎಂದೂ ನನಗೆ ನೆನಪಿಲ್ಲ.

‘ತೆಗೀಲಿಲ್ಲ ಮಾರಾಯ. ಮರ್ತೇಬಿಟ್ಟೆ’ ಎಂದೆ.

ತಿಪ್ಪೇಸ್ವಾಮಿ ನನ್ನ ಮುಖವನ್ನು ನೋಡಿದ. ಕನ್ನಡಕವನ್ನು ಮೂಗಿನ ಮೇಲೆ ಇಳಿಸಿದ. ‘ಇರ್ಲಿ ಬಿಡ್ರಿ’ ಎಂದ ಮೆತ್ತಗೆ, ‘ಹೊಸಬರು ಎಲ್ಲಾರೂ ಮಾಡೋ ತಪ್ಪೇ ಇದು. ಮುಂದಿನ ಸಲ ಸರಿ ಹೋಗ್ತೈತೆ.’